ಶಟರ್ ಇಳಿಯುವ ದಿನ: ಚಂದ್ರಗಿರಿಯ ನೀರು, ಹೊಯಿಗೆ ಮತ್ತು ಭೀಮನಾಮೆ

ತುಲಾಮಾಸದ ಮಳೆ ನಿಂತು ಧನು ತಿಂಗಳ ಚಳಿ ಬೀಳುತ್ತಿದ್ದಂತೆ ಚಂದ್ರಗಿರಿ ಹೊಳೆ ದಿನಕ್ಕಿಷ್ಟು ಎಂಬಂತೆ ದಡದಿಂದ ಹಿಂದೆ ಸರಿಯತೊಡಗುತ್ತದೆ. ದೇಲಂಪಾಡಿ, ಕಾರಡ್ಕ, ಮುಳಿಯಾರಿನ ಕಡೆ ಹೊಳೆಯ ತಿರುವುಗಳಲ್ಲಿ ಮಳೆಗಾಲವಿಡೀ ಕೆನ್ನೀರಿನ ಅಡಿಯಲ್ಲಿದ್ದ ಹೊಯಿಗೆಯ (ಮರಳಿನ) ದಿಣ್ಣೆಗಳು ಆಗ ಮೇಲೇಳುತ್ತವೆ. ಬೆಳಗಿನ ಹೊತ್ತು ಅವುಗಳ ಮೇಲೆ ನಡೆದರೆ ಮೇಲ್ಪದರ ಒಣಗಿ ಹಗುರಾಗಿರುತ್ತದೆ, ಒಂದು ಗೇಣು ಕೆಳಗೆ ಮಾತ್ರ ತಂಪು ಉಳಿದಿರುತ್ತದೆ. ಕೊಕ್ಕರೆಯ ಹೆಜ್ಜೆ, ನೀರುನಾಯಿ ಹೊರಳಾಡಿದ ಗುರುತು, ಮೀನು ಹಿಡಿಯುವವರು ದೋಣಿ ಎಳೆದ ಗೆರೆ ಎಲ್ಲವೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ನೀರಿನೊಳಗಿರುವ ಒಂದು ದೊಡ್ಡ ಆಮೆಗೆ ವರ್ಷದಲ್ಲಿ ಮೊಟ್ಟೆಯಿಡಲು ಒದಗುವುದು ಹೀಗೆ ಒಣಗಿ ನಿಂತ ಹೊಯಿಗೆ ಮಾತ್ರ. ಅದೇ ವಾರಗಳಲ್ಲಿ ಕೆಳಗೆ ಬಾವಿಕ್ಕೆರೆಯಲ್ಲಿ ಕಾಸರಗೋಡು ಪೇಟೆಯ ಕುಡಿಯುವ ನೀರಿಗಾಗಿ ಹೊಳೆಗೆ ಅಡ್ಡಲಾಗಿ ಶಟರ್, ಅಂದರೆ ನೀರು ತಡೆಯುವ ಉಕ್ಕಿನ ಬಾಗಿಲು, ಇಳಿಸಬೇಕಾಗುತ್ತದೆ. ಶಟರ್ ಇಳಿದರೆ ಹಿನ್ನೀರು ಏರುತ್ತದೆ, ಹಿನ್ನೀರು ಏರಿದರೆ ದಿಣ್ಣೆ ಮುಳುಗುತ್ತದೆ.

ಜನರಿಗೆ ನೀರು ಬೇಕೋ ಆಮೆ ಬೇಕೋ ಎಂದು ಇದನ್ನು ಕೇಳುವವರಿದ್ದಾರೆ. ಪ್ರಶ್ನೆಯನ್ನು ಹಾಗೆ ಇಟ್ಟರೆ ಆಮೆ ಸೋಲುವುದು ಖಂಡಿತ, ಸೋಲಬೇಕಾದದ್ದೂ ಹೌದು, ಏಕೆಂದರೆ ಬಾಯಾರಿದ ಮಗುವಿನ ಎದುರು ಯಾವ ಪ್ರಾಣಿಯ ವಾದವೂ ನಿಲ್ಲದು. ಆದರೆ ಹೊಳೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ನಿಜವಾದ ಜಗಳ ನೀರಿನ ಪ್ರಮಾಣದ ಮೇಲೆ ನಡೆಯುತ್ತಲೇ ಇಲ್ಲ ಎಂಬುದು ಗೊತ್ತಾಗುತ್ತದೆ. ಯಾವ ದಿನ ಶಟರ್ ಇಳಿಯಿತು, ನೀರು ಎಷ್ಟು ಬೇಗ ಏರಿತು, ಯಾವ ಮಟ್ಟದಲ್ಲಿ ನಿಂತಿತು ಎಂಬ ಮೂರು ಸಂಗತಿಗಳ ಮೇಲೆ ಗೂಡು ಉಳಿಯುವುದೂ ಅಳಿಯುವುದೂ ನಿಂತಿದೆ. ಈ ಮೂರನ್ನೂ ನಿರ್ಧರಿಸುವವರು ಮನುಷ್ಯರೇ.

ಚಂದ್ರಗಿರಿ ಸುಮಾರು 105 ಕಿಲೋಮೀಟರ್ ಉದ್ದದ ಹೊಳೆ, ಕಾಸರಗೋಡು ಜಿಲ್ಲೆಯ ನದಿಗಳಲ್ಲೆಲ್ಲ ದೊಡ್ಡದು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟುತ್ತದೆ. ಪಯಸ್ವಿನಿ ಎಂಬ ಕವಲು ಸಂಪಾಜೆ, ಅರಂತೋಡು, ಸುಳ್ಯ, ಜಾಲ್ಸೂರು ದಾಟಿ ಕೇರಳದ ಗಡಿಯೊಳಗೆ ಬರುತ್ತದೆ. ಕವಲುಗಳು ಕೂಡಿ ಚೆಮ್ನಾಡಿನ ಬಳಿ ಕಡಲು ಸೇರುತ್ತವೆ. ತುಳುನಾಡಿಗೂ ಮಲೆಯಾಳಕ್ಕೂ ಹಿಂದಿನಿಂದ ಗಡಿ ಎಂದು ಹೇಳಿಕೊಂಡು ಬಂದ ಹೊಳೆ ಇದು. ಕೇರಳದ 44 ನದಿಗಳಲ್ಲಿ 12 ನದಿಗಳು ಈ ಒಂದೇ ಜಿಲ್ಲೆಯಲ್ಲಿ ಹರಿಯುತ್ತವೆ, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೂ ಸುಗ್ಗಿ ತಿಂಗಳು ಬಂತೆಂದರೆ ಬಾವಿಯ ತಳ ಕಾಣುತ್ತದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ. ಘಟ್ಟದಿಂದ ಕಡಲಿಗೆ ಇರುವ ಅಂತರ ಕಡಿಮೆ, ಇಳಿಜಾರು ಹೆಚ್ಚು. ಗುಡ್ಡದ ಮುರಕಲ್ಲು (ಕೆಂಪುಕಲ್ಲು) ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಹೀಗಾಗಿ ಜನವರಿಯಿಂದ ಮೇ ತನಕ ಹೊಳೆಯಲ್ಲಿ ಹರಿಯುವ ನೀರಿನ ಮೇಲೆ ಅಡಿಕೆ ತೋಟ, ತೆಂಗು, ಪಂಚಾಯತುಗಳ ಪಂಪು, ಪೇಟೆಯ ನಳ್ಳಿ ಎಲ್ಲದರ ಕಣ್ಣೂ ಒಮ್ಮೆಲೇ ಬೀಳುತ್ತದೆ.

ಇದಕ್ಕೆ ಉಪ್ಪಿನ ಸಮಸ್ಯೆ ಬೇರೆ ಸೇರಿಕೊಂಡಿದೆ. ಹೊಳೆಯ ಹರಿವು ಸೋತಾಗ ಕಡಲಿನ ಉಬ್ಬರ ಅಳಿವೆಯಿಂದ ಒಳಗೆ ನುಗ್ಗುತ್ತದೆ. ಉಪ್ಪುನೀರು ಭಾರವಾದುದರಿಂದ ಹೊಳೆಯ ತಳದಲ್ಲೇ ತೆವಳಿಕೊಂಡು ಮೇಲಕ್ಕೆ ಬರುತ್ತದೆ, ಮೇಲೆ ಸಿಹಿನೀರು ಹರಿಯುತ್ತಿರುವಂತೆ ಕಂಡರೂ ಪಂಪಿನ ಬಾಯಿಗೆ ಸಿಗುವುದು ಉಪ್ಪು. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1,000 ಮಿಲಿಗ್ರಾಂ ತನಕ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಕಡಲ ನೀರಿನಲ್ಲಿ ಅದು ಸುಮಾರು 19,000 ಮಿಲಿಗ್ರಾಂ ಇರುತ್ತದೆ. ಅಂದರೆ ನೂರು ಕೊಡ ಹೊಳೆನೀರಿಗೆ ಒಂದೂವರೆ ಕೊಡ ಕಡಲ ನೀರು ಬೆರೆತರೆ ಮೊದಲ ಮಿತಿ ಮುಗಿಯಿತು, ಐದಾರು ಕೊಡ ಬೆರೆತರೆ ಎರಡನೆಯದೂ ಮುಗಿಯಿತು. ಕಾಸರಗೋಡು ಪೇಟೆಯವರು ಎಷ್ಟೋ ಬೇಸಿಗೆಗಳಲ್ಲಿ ಉಪ್ಪು ಚಹಾ ಕುಡಿದದ್ದರ ಹಿಂದಿನ ಲೆಕ್ಕ ಇದು. ಆ ಕಾಲದಲ್ಲಿ ಪ್ರತಿವರ್ಷ ಹೊಳೆಗೆ ಅಡ್ಡಲಾಗಿ ಹೊಯಿಗೆಯ ಚೀಲಗಳ ತಾತ್ಕಾಲಿಕ ಒಡ್ಡು ಕಟ್ಟಲಾಗುತ್ತಿತ್ತು. ಹಲವು ಸಲ ಅದು ಪೂರ್ತಿಯಾಗುವ ಹೊತ್ತಿಗೆ ಉಪ್ಪು ಆಗಲೇ ಮೇಲೆ ಬಂದಿರುತ್ತಿತ್ತು. ಬೇಸಿಗೆಯ ಒಂದು ಒಳ್ಳೆಯ ಮಳೆಗೆ ಒಡ್ಡೇ ಕೊಚ್ಚಿಹೋಗುತ್ತಿತ್ತು. ಬಾವಿಕ್ಕೆರೆಯಲ್ಲಿ ಈಗಿರುವ ಶಾಶ್ವತ ರೆಗ್ಯುಲೇಟರ್ (ಶಟರುಗಳಿರುವ ಅಡ್ಡಗಟ್ಟು) ವರ್ಷಗಟ್ಟಲೆ ನಡೆದ ಕೂಗಾಟದ ಫಲ. ಅದು ಬೇಡವಾಗಿತ್ತು ಎನ್ನುವ ಹಕ್ಕು ಉಪ್ಪುನೀರು ಕುಡಿಯದ ಯಾರಿಗೂ ಇಲ್ಲ ಎಂದು ನಾನು ನಂಬುತ್ತೇನೆ.

ಇನ್ನು ಆಮೆಯ ಕಡೆಗೆ ಬರೋಣ. ಮಲೆಯಾಳದಲ್ಲಿ ಭೀಮನಾಮ, ಪಾಲಪ್ಪೂವನ್ ಆಮ ಎನ್ನುತ್ತಾರೆ. ಕನ್ನಡದಲ್ಲಿ ಭೀಮನಾಮೆ ಎಂದರೆ ಸಾಕು. ವಿಜ್ಞಾನಿಗಳು ಇದನ್ನು ಪೆಲೋಕೆಲಿಸ್ ಕ್ಯಾಂಟೊರಿ ಎಂದು ಕರೆಯುತ್ತಾರೆ, 1864ರಲ್ಲಿ ಹೆಸರು ಪಡೆದ ಪ್ರಭೇದ. ಒಂದು ಮೀಟರಿಗೂ ಮಿಕ್ಕಿ ಬೆಳೆಯಬಲ್ಲ, ಮೆದು ಚಿಪ್ಪಿನ, ಚಪ್ಪಟೆಯಾದ ಈ ಆಮೆ ತನ್ನ ಬದುಕಿನ ಬಹುಪಾಲನ್ನು ಹೊಳೆಯ ತಳದ ಹೊಯಿಗೆಯಲ್ಲಿ ಹೂತುಕೊಂಡು, ಕಣ್ಣು ಮತ್ತು ಮೂಗಿನ ತುದಿಯನ್ನು ಮಾತ್ರ ಹೊರಗಿಟ್ಟು, ಅಲುಗಾಡದೆ ಕಳೆಯುತ್ತದೆ. ಮೀನೋ ಏಡಿಯೋ ಹತ್ತಿರ ಬಂದರೆ ಕುತ್ತಿಗೆಯನ್ನು ಸರ್ರನೆ ಚಾಚಿ ಕಚ್ಚುತ್ತದೆ. ಉಸಿರಿಗಾಗಿ ಮೇಲೆ ಬರುವುದೂ ಅಪರೂಪ. ಹೀಗಿರುವಾಗ ಅದೇ ದಡದಲ್ಲಿ ಐವತ್ತು ವರ್ಷ ಕಳೆದವರೂ ಅದನ್ನು ಒಮ್ಮೆಯೂ ನೋಡದಿರುವುದು ಆಶ್ಚರ್ಯವಲ್ಲ. ಜಗತ್ತಿನ ಕೆಂಪುಪಟ್ಟಿಯಲ್ಲಿ ಅದು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಸಾಲಿನಲ್ಲಿದೆ, ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಅನುಸೂಚಿಯಲ್ಲಿದೆ.

ಸಂಶೋಧಕಿ ಆಯುಷಿ ಜೈನ್ ಮತ್ತು ಅವರ ಸಂಗಡಿಗರು ಚಂದ್ರಗಿರಿಯ ದಡದ ಜನರನ್ನು ಕೇಳಿ ಕೇಳಿ ಈ ಆಮೆಯ ಜಾಡು ಹಿಡಿದರು. ಯಂತ್ರ ಇಟ್ಟು ಕಾಯುವುದಕ್ಕಿಂತ ಮೀನು ಹಿಡಿಯುವವರ, ಹೊಯಿಗೆ ತೆಗೆಯುತ್ತಿದ್ದವರ, ದಡದ ಮನೆಯವರ ನೆನಪು ಹೆಚ್ಚು ಕೆಲಸ ಮಾಡಿತು. ಕಂಡ ಕೂಡಲೇ ಸುದ್ದಿ ಮುಟ್ಟಿಸುವ ಒಂದು ಜಾಲ ಬೆಳೆಯಿತು. ಮೊಟ್ಟೆಯಿಡುವ ಹೆಣ್ಣಾಮೆ ಇಲ್ಲಿ ಮೊದಲ ಸಲ ದಾಖಲಾಯಿತು. ನೀರಿನಲ್ಲಿ ಮುಳುಗಿದ ಗೂಡುಗಳಿಂದ ಮೊಟ್ಟೆಗಳನ್ನು ಹೊರತೆಗೆದು ಕಾಪಾಡಿ, ಹುಟ್ಟಿದ ಮರಿಗಳನ್ನು ಹೊಳೆಗೆ ಬಿಡಲಾಯಿತು. ಈ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ, 2023ರಲ್ಲಿ, ಕಾಸರಗೋಡು ತನ್ನದೇ ಆದ ಮರ, ಹೂವು, ಪಕ್ಷಿ, ಪ್ರಾಣಿಗಳನ್ನು ಘೋಷಿಸಿಕೊಂಡಾಗ ಊರಿಗೆ ಹೆಸರು ಕೊಟ್ಟಿದೆ ಎನ್ನಲಾಗುವ ಕಾಸರಕನ ಮರದ ಜೊತೆಯಲ್ಲಿ ಈ ಆಮೆಯೂ ಜಿಲ್ಲೆಯ ಗುರುತಾಯಿತು.

"ಮುಳುಗಿದ ಗೂಡುಗಳು" ಎಂಬ ಎರಡು ಪದಗಳ ಹತ್ತಿರ ಸ್ವಲ್ಪ ನಿಲ್ಲಬೇಕು. ಆಮೆಯ ಮೊಟ್ಟೆ ಉಸಿರಾಡುತ್ತದೆ. ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ, ಸುತ್ತಲಿನ ಹೊಯಿಗೆಯ ಕಣಗಳ ನಡುವಿನ ಗಾಳಿಯಿಂದ ಒಳಗಿನ ಭ್ರೂಣಕ್ಕೆ ಆಮ್ಲಜನಕ ಸಿಗುತ್ತದೆ. ಆ ಗಾಳಿಯ ಜಾಗವನ್ನು ನೀರು ತುಂಬಿಕೊಂಡರೆ, ಮೊಟ್ಟೆ ಇದ್ದಲ್ಲೇ, ಒಡೆಯದೆ, ಕೊಳೆಯದೆ, ಹೊರಗಿನಿಂದ ಏನೂ ಆಗದಂತೆ ಕಾಣುತ್ತಲೇ ಸತ್ತಿರುತ್ತದೆ. ನೀರು ದಿಣ್ಣೆಯ ಮೇಲೆ ಹರಿಯಬೇಕೆಂದೂ ಇಲ್ಲ. ಹೊಳೆಯ ಮಟ್ಟ ಒಂದೆರಡು ಅಡಿ ಏರಿದರೆ ಒಳಗಿನ ಒರತೆಯೂ ಅಷ್ಟೇ ಏರಿ ಗೂಡನ್ನು ಕೆಳಗಿನಿಂದ ಮುಟ್ಟುತ್ತದೆ. ದಡದಲ್ಲಿ ನಿಂತವರಿಗೆ ದಿಣ್ಣೆ ಇನ್ನೂ ಒಣಗಿಯೇ ಇರುವಂತೆ ಕಾಣುತ್ತದೆ. ಮೊಟ್ಟೆ ಮರಿಯಾಗಲು ವಾರಗಟ್ಟಲೆ ಬೇಕು. ಆ ವಾರಗಳಲ್ಲಿ ಒಂದು ರಾತ್ರಿ ನೀರು ಏರಿದರೂ ಆ ಹೆಣ್ಣಾಮೆಯ ಆ ವರ್ಷದ ಶ್ರಮ ಹೋಯಿತು.

ಹಾಗಾದರೆ ಹೊಳೆಗೆ ಅಡ್ಡ ಕಟ್ಟುವುದು ನಮ್ಮಲ್ಲಿ ಹೊಸತೇ? ಖಂಡಿತ ಅಲ್ಲ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ತಲೆಮಾರುಗಳಿಂದ ತೋಡಿಗೆ (ಹಳ್ಳಕ್ಕೆ) ಕಟ್ಟ, ಅಂದರೆ ಬೇಸಿಗೆಯ ತಾತ್ಕಾಲಿಕ ಒಡ್ಡು, ಕಟ್ಟುತ್ತಾ ಬಂದಿದ್ದಾರೆ. ಜಲಪತ್ರಕರ್ತ ಶ್ರೀ ಪಡ್ರೆ ಅವರು ಅದನ್ನು ನಾಡಿಗೆಲ್ಲ ಪರಿಚಯಿಸಿದರು. ಹರಿವು ತಗ್ಗಿದ ಮೇಲೆ ತೋಟದವರೆಲ್ಲ ಸೇರುತ್ತಾರೆ. ಕಾಡುಕಲ್ಲುಗಳನ್ನು ಸಾಲಾಗಿ ಜೋಡಿಸಿ, ಅಡಿಕೆ ಮರದ ಆಧಾರ ಕೊಟ್ಟು, ನಡುವೆ ಮಣ್ಣನ್ನು ಕಾಲಿನಲ್ಲಿ ತುಳಿದು ತುಳಿದು ಗಟ್ಟಿ ಮಾಡುತ್ತಾರೆ. ಕೈಗೆ ಮೆತ್ತಿಕೊಂಡ ಮಣ್ಣು ಸಂಜೆ ತನಕ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಕಟ್ಟದ ಹಿಂದೆ ನೀರು ಒಮ್ಮೆಲೇ ಏರುವುದಿಲ್ಲ, ಕೆಲಸ ಮುಂದುವರಿದಷ್ಟೇ ಏರುತ್ತದೆ. ತುಂಬಿದ ಮೇಲೂ ಮೇಲಿನಿಂದ ಹರಿದು, ಸಂದಿಯಿಂದ ಜಿನುಗಿ ಕೆಳಗಿನ ಕಟ್ಟಕ್ಕೆ ಹೋಗುತ್ತದೆ. ಮೇಲಿನವನು ಪೂರ್ತಿ ತಡೆದರೆ ಕೆಳಗಿನವನ ತೋಟ ಒಣಗುತ್ತದೆ, ಆದ್ದರಿಂದ ಸಾಲಿನಲ್ಲಿ ಯಾರು ಯಾವಾಗ ಕಟ್ಟಬೇಕೆಂಬುದಕ್ಕೆ ಊರಿನದೇ ತಿಳಿವಳಿಕೆ ಇರುತ್ತದೆ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ಕಟ್ಟ ಹೋಗುತ್ತದೆ, ಹೋಗಬೇಕಾದದ್ದೇ.

ಕಟ್ಟವನ್ನು ಹೊಗಳಿ ರೆಗ್ಯುಲೇಟರನ್ನು ತೆಗಳುವುದು ನನ್ನ ಉದ್ದೇಶವಲ್ಲ. ಲಕ್ಷಾಂತರ ಲೀಟರು ನೀರು ದಿನವೂ ಎತ್ತಬೇಕಾದ ಕಡೆ ಮಣ್ಣಿನ ಕಟ್ಟದಿಂದ ಆಗುವ ಕೆಲಸ ಇಲ್ಲ. ಆದರೆ ಕಟ್ಟ ಕಟ್ಟುವವರಿಗೆ ದಿನ ಗೊತ್ತಿತ್ತು, ಏರಿಕೆಯ ವೇಗ ಗೊತ್ತಿತ್ತು, ಕೆಳಗಿನವರ ಪಾಲು ಗೊತ್ತಿತ್ತು. ಉಕ್ಕಿನ ಶಟರಿಗೆ ಇದರಲ್ಲಿ ಯಾವುದೂ ತಾನಾಗಿ ಬರುವುದಿಲ್ಲ, ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ಇಳಿಸಿಬಿಡಬಹುದು. ಬದಲಿಗೆ ಮಣ್ಣಿನ ಕಟ್ಟಕ್ಕೆ ಇಲ್ಲದ ಒಂದು ಗುಣ ಅದಕ್ಕಿದೆ. ಅದನ್ನು ಅರ್ಧಕ್ಕೆ ನಿಲ್ಲಿಸಬಹುದು, ಒಂದೊಂದಾಗಿ ಇಳಿಸಬಹುದು, ಬೇಕಾದರೆ ಮರುದಿನ ಒಂದು ಗೇಣು ಎತ್ತಬಹುದು. ತಾರೀಕನ್ನೂ ಮಟ್ಟವನ್ನೂ ಬರೆದಿಟ್ಟುಕೊಂಡು ನಡೆಸುವುದಾದರೆ ಹೊಯಿಗೆಯ ಚೀಲದ ಒಡ್ಡಿಗಿಂತ ಈ ರೆಗ್ಯುಲೇಟರೇ ಆಮೆಗೆ ಒಳ್ಳೆಯದು.

ನನಗೆ ತೋಚುವ ದಾರಿ ಸ್ವಲ್ಪ ವಿಚಿತ್ರವಾಗಿ ಕೇಳಬಹುದು: ಶಟರನ್ನು ತಡವಾಗಿ ಅಲ್ಲ, ಬೇಗ ಇಳಿಸಬೇಕು. ಮುಳುಗಲೇಬೇಕಾದ ಹೊಯಿಗೆ ಆಮೆ ಮೊಟ್ಟೆಯಿಡುವ ಮುಂಚೆಯೇ ಮುಳುಗಿದರೆ, ಅದು ಮೇಲೆ ಉಳಿದಿರುವ ದಿಣ್ಣೆಯನ್ನೋ ಹಿನ್ನೀರು ಮುಟ್ಟದ ಇನ್ನೂ ಮೇಲಿನ ತಿರುವನ್ನೋ ಹುಡುಕಿಕೊಳ್ಳುತ್ತದೆ. ಮೊಟ್ಟೆಯಿಟ್ಟ ಮೇಲೆ ಮುಳುಗಿದರೆ ಅದಕ್ಕೆ ದಾರಿಯೇ ಇಲ್ಲ. ಹಂತಹಂತವಾಗಿ ಬೇಗ ಇಳಿಸಿ, ಗೊತ್ತುಮಾಡಿದ ಒಂದು ಮಟ್ಟಕ್ಕೆ ನೀರು ತಂದು, ಮರಿಯಾಗುವ ತನಕ ಆ ಮಟ್ಟವನ್ನು ಏರಿಸದೆ ಕಾಯ್ದುಕೊಂಡರೆ ಗೂಡು ಉಳಿಯುತ್ತದೆ. ಇಳಿದರೆ ತೊಂದರೆಯಿಲ್ಲ, ಏರಬಾರದು. ಕುಡಿಯುವ ನೀರಿನ ದೃಷ್ಟಿಯಿಂದಲೂ ಇದೇ ಸರಿ. ಹೊಳೆಯಲ್ಲಿ ಇನ್ನೂ ಸೆಳೆತ ಇರುವಾಗ, ಉಪ್ಪು ಒಳಗೆ ಬರುವ ಮುಂಚೆ, ಬಾಗಿಲು ಹಾಕಿಕೊಂಡರೆ ಒಳಗೆ ಉಳಿಯುವುದು ಸಿಹಿನೀರು. ತಡವಾಗಿ ಹಾಕಿದರೆ ಉಪ್ಪನ್ನು ಒಳಗೆ ಬಿಟ್ಟುಕೊಂಡು ಚಿಲಕ ಹಾಕಿದಂತೆ. ಇಡೀ ವಿಷಯದಲ್ಲಿ ಪೇಟೆಯವರ ಮತ್ತು ಆಮೆಯ ಹಿತ ಇಷ್ಟು ನೇರವಾಗಿ ಕೂಡುವ ಜಾಗ ಇನ್ನೊಂದಿಲ್ಲ.

ಇದಕ್ಕೆ ಆಕ್ಷೇಪಗಳೂ ಇವೆ, ಅವು ಸಣ್ಣವಲ್ಲ. ಪೂರ್ಣ ಮಟ್ಟಕ್ಕೆ ನೀರು ನಿಂತರೆ ಹಿನ್ನೀರಿನ ವ್ಯಾಪ್ತಿಯಲ್ಲಿ ಒಂದು ದಿಣ್ಣೆಯೂ ಉಳಿಯದಿರಬಹುದು. ಹಾಗಾದರೆ ಯಾವ ದಿಣ್ಣೆ ಎಷ್ಟು ಎತ್ತರದಲ್ಲಿದೆ ಎಂಬ ಅಳತೆ ಮೊದಲು ಆಗಬೇಕು. ಇದೇನೂ ದೊಡ್ಡ ವಿಜ್ಞಾನವಲ್ಲ, ರಸ್ತೆ ಅಳೆಯುವ ಉಪಕರಣ ಸಾಕು, ಒಂದು ವಾರದ ಕೆಲಸ. ಎರಡನೆಯದು ಕೆಳಗಿನ ಹೊಳೆಯ ಪ್ರಶ್ನೆ. ಬಾವಿಕ್ಕೆರೆಯಿಂದ ಕೆಳಗೆ ಅಳಿವೆಯ ತನಕ ಸಿಹಿನೀರೂ ಉಪ್ಪುನೀರೂ ಬೆರೆಯುವ ಹದವನ್ನು ನಂಬಿ ಬದುಕುವ ಮೀನುಗಳಿವೆ, ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುವ ಹೆಂಗಸರಿದ್ದಾರೆ. ಬೇಗ ಬಾಗಿಲು ಹಾಕಿದರೆ ಅವರ ಬೇಸಿಗೆಯೂ ಬೇಗ ಶುರುವಾಗುತ್ತದೆ. ಆದ್ದರಿಂದ ಸ್ವಲ್ಪ ನೀರು ಸದಾ ಹೊರಗೆ ಹರಿಯುತ್ತಲೇ ಇರುವಂತೆ ಬಿಡಬೇಕು. ಎಷ್ಟು ಎಂಬುದನ್ನು ಆ ಹೆಂಗಸರನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು. ಮೂರನೆಯದು ಆಮೆಯದ್ದೇ. ಅದು ಅಳಿವೆಯನ್ನೂ ಕಡಲಂಚನ್ನೂ ಬಳಸಬಲ್ಲ ಪ್ರಾಣಿ. ವರ್ಷದ ಆರು ತಿಂಗಳು ಹೊಳೆಗೆ ಬಾಗಿಲು ಹಾಕಿದರೆ ಮೇಲಿನ ಆಮೆ ಮೇಲೆ, ಕೆಳಗಿನದು ಕೆಳಗೆ ಉಳಿಯುತ್ತದೆ. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಮಳೆಗಾಲದಲ್ಲಿ ಎಲ್ಲ ಶಟರುಗಳೂ ಪೂರ್ತಿ ಎತ್ತಿಯೇ ಇರಬೇಕು, ಕೆಟ್ಟು ಅರ್ಧಕ್ಕೆ ಸಿಕ್ಕಿಕೊಂಡಿರಬಾರದು ಎಂಬುದನ್ನಷ್ಟು ಖಚಿತವಾಗಿ ಹೇಳಬಹುದು.

ಹೊಳೆಯ ಮೇಲ್ಭಾಗ ಕರ್ನಾಟಕದಲ್ಲಿದೆ. ಸುಳ್ಯ ಪೇಟೆಯೂ ಇದೇ ಪಯಸ್ವಿನಿಯ ನೀರನ್ನು ಕಲ್ಲುಮುಟ್ಲುವಿನಲ್ಲಿ ಎತ್ತಿ ಕುಡಿಯುತ್ತದೆ. ಅಲ್ಲಿಯೂ ಮೊದಲು ಹೊಯಿಗೆಯ ಚೀಲ ಇಡುತ್ತಿದ್ದರು, ಈಗ ನಾಗಪಟ್ಟಣದಲ್ಲಿ ಕಿಂಡಿ ಅಣೆಕಟ್ಟು ಆಗಿದೆ. ಕಿಂಡಿಗೆ ಹಲಗೆ ಇಳಿಸುವ ಸಮಯವೂ ಹೆಚ್ಚುಕಡಿಮೆ ಅದೇ. ಮೇಲೆ ಹಲಗೆ ಬಿದ್ದಾಗ ಕೆಳಗೆ ಕೆಲವು ದಿನ ಹರಿವು ಥಟ್ಟನೆ ತಗ್ಗುತ್ತದೆ, ಹೊಸ ಹೊಯಿಗೆ ಹೊರಬೀಳುತ್ತದೆ, ಆಮೆಗೆ ಇನ್ನೂ ಕೆಳಗಿನ ದಿಣ್ಣೆಯೂ ಮೊಟ್ಟೆಗೆ ಯೋಗ್ಯವಾಗಿ ಕಾಣುತ್ತದೆ. ಮೇಲಿನ ಕಟ್ಟ ತುಂಬಿ ಹರಿಯತೊಡಗಿದಾಗ, ಅಥವಾ ಕೆಳಗಿನ ಶಟರ್ ಇಳಿದಾಗ, ಆ ದಿಣ್ಣೆ ಮುಳುಗುತ್ತದೆ. ಇಬ್ಬರೂ ತಂತಮ್ಮ ಪೇಟೆಗೆ ನೀರು ಕೊಡುವ ಕೆಲಸವನ್ನೇ ಮಾಡಿದ್ದಾರೆ, ಯಾರದ್ದೂ ತಪ್ಪಿಲ್ಲ. ಆದರೆ ಇಬ್ಬರ ನಡುವೆ ಒಂದು ಫೋನ್ ಕರೆಯೂ ಆಗಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ರಾಜ್ಯಗಳ ನಡುವೆ ಹರಿಯುವ ನದಿಗಳನ್ನು ಕೂಡಿ ನೋಡಿಕೊಳ್ಳಲೆಂದೇ 1956ರಲ್ಲಿ ನದಿ ಮಂಡಳಿ ಕಾಯ್ದೆ ಬಂತು. ಅದರ ಅಡಿಯಲ್ಲಿ ಕೆಲಸ ಮಾಡುವ ಮಂಡಳಿಯೊಂದು ಹುಟ್ಟಲೇ ಇಲ್ಲ. ಅದೇ ವರ್ಷದ ಜಲವಿವಾದ ಕಾಯ್ದೆ ಮಾತ್ರ ಎಲ್ಲರ ಬಾಯಲ್ಲಿದೆ, ಏಕೆಂದರೆ ಅದು ಜಗಳವಾದ ಮೇಲೆ ಬೇಕಾಗುವಂಥದ್ದು. ಚಂದ್ರಗಿರಿಗೆ ನ್ಯಾಯಮಂಡಳಿ ಬೇಕಾಗಿಲ್ಲ. ಎರಡು ರಾಜ್ಯಗಳ ತಾಲೂಕು ಮಟ್ಟದ ಇಂಜಿನಿಯರುಗಳು ನವೆಂಬರ್ ಕೊನೆಯಲ್ಲಿ ಒಂದು ದಿನ ಕೂತು ಹಲಗೆ ಮತ್ತು ಶಟರುಗಳ ತಾರೀಕು ಹೊಂದಿಸಿಕೊಂಡರೆ ಸಾಕು.

ಕಾನೂನಿನಲ್ಲಿ ಬಲ ಇಲ್ಲವೆಂದಲ್ಲ. ವನ್ಯಜೀವಿ ಕಾಯ್ದೆಯಲ್ಲಿ "ಬೇಟೆ" ಎಂಬುದರ ವ್ಯಾಖ್ಯೆಯಲ್ಲೇ ಸರೀಸೃಪಗಳ ಮೊಟ್ಟೆಯನ್ನು ಹಾಳುಮಾಡುವುದು, ಗೂಡನ್ನು ಕದಡುವುದು ಸೇರಿದೆ. ಹೊಯಿಗೆಯ ವಿಷಯದಲ್ಲಿ ಕೇರಳಕ್ಕೆ ತನ್ನದೇ ಆದ 2001ರ ಕಾಯ್ದೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಕೊರತೆ ಇರುವುದು ಕಡತಗಳ ನಡುವೆ. ಆಮೆ ಅರಣ್ಯದವರ ಕಡತದಲ್ಲಿದೆ, ಶಟರ್ ನೀರಾವರಿಯವರ ಕಡತದಲ್ಲಿದೆ, ಪಂಪು ಜಲ ಪ್ರಾಧಿಕಾರದ ಕಡತದಲ್ಲಿದೆ, ಹೊಯಿಗೆ ಕಂದಾಯದವರ ಕಡತದಲ್ಲಿದೆ. ಆಮೆ ಕಾಡಿನಲ್ಲಿ ಇಲ್ಲ. ಅದು ಇರುವ ಹೊಳೆಯ ಮಟ್ಟವನ್ನು ಅರಣ್ಯ ಇಲಾಖೆ ನಿರ್ಧರಿಸುವುದಿಲ್ಲ. ಆದ್ದರಿಂದ ಸಂರಕ್ಷಣಾ ಯೋಜನೆ ಎಂಬುದು ಬಣ್ಣದ ಚಿತ್ರಗಳಿರುವ ಪ್ರತ್ಯೇಕ ಪುಸ್ತಕವಾಗಿ ಬಂದರೆ ಪ್ರಯೋಜನ ಕಡಿಮೆ. ಪಂಪುಮನೆಯಲ್ಲಿ ನೀರಿನ ಉಪ್ಪನ್ನು ಅಳೆದು ಬರೆಯುವುದು ರೂಢಿ. ಅದರ ಪಕ್ಕದ ಕಾಲಮಿನಲ್ಲಿ ಹಿನ್ನೀರಿನ ಮಟ್ಟವನ್ನೂ, ಗೂಡು ಇದ್ದರೆ ಅದರ ಎತ್ತರವನ್ನೂ ಬರೆಯುವುದು ನಿಜವಾದ ಸಂರಕ್ಷಣಾ ಯೋಜನೆ.

ಎಲ್ಲ ಜೀವಿಗೂ ಒಂದೇ ನಿಯಮ ಹೊಂದದು ಎಂಬುದನ್ನೂ ಇಲ್ಲಿ ಹೇಳಬೇಕು. ಜಿಲ್ಲೆಯ ಹೂವೆಂದು ಘೋಷಿತವಾದ ಪೆರಿಯ ಪೊಲತ್ತಾಳಿ ಪೆರಿಯದ ತೋಡಿನಲ್ಲಿ ಬೆಳೆಯುವ, 2012ರಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ ಜಲಸಸ್ಯ. ಅದರ ಗಡ್ಡೆ ಬೇರೂರಿರುವುದು ತೋಡಿನ ತಳದಲ್ಲಿ. ಹೂಳೆತ್ತುವ ಹೆಸರಿನಲ್ಲಿ ಜೆಸಿಬಿ ಇಳಿದು ತಳ ಕೆರೆದರೆ, ಎರಡೂ ಕಡೆ ಕಲ್ಲು ಕಟ್ಟಿ ತೋಡನ್ನು ಚರಂಡಿಯಂತೆ ನೇರ ಮಾಡಿದರೆ ನೀರು ಚೆನ್ನಾಗಿ ಹರಿಯಬಹುದು, ಹೂವು ಉಳಿಯದು. ಅಲ್ಲಿ ಕೇಳಬೇಕಾದದ್ದು ಮಟ್ಟದ ಪ್ರಶ್ನೆಯಲ್ಲ, ತಳವನ್ನು ಮುಟ್ಟಬಹುದೇ ಎಂಬ ಪ್ರಶ್ನೆ.

ಆಮೆಯ ವಿಷಯದಲ್ಲಿ ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಯಾಂಗ್ಟ್ಸಿಯ ದೈತ್ಯ ಮೆದುಚಿಪ್ಪಿನ ಆಮೆ ಸಾಕ್ಷಿ. ಆ ಹೊತ್ತಿಗೆ ಖಚಿತವಾಗಿ ಗೊತ್ತಿದ್ದ ಅದರ ಕೊನೆಯ ಹೆಣ್ಣು 2019ರಲ್ಲಿ ಮೃಗಾಲಯವೊಂದರಲ್ಲಿ ಸತ್ತಿತು. ನಮ್ಮದೇ ಭೀಮನಾಮೆಗೆ ಕಾಂಬೋಡಿಯಾದಲ್ಲಿ ಬೇರೆ ಕತೆ ಇದೆ. ಅಲ್ಲಿ ಮೆಕಾಂಗ್ ನದಿಯಲ್ಲಿ 2007ರಲ್ಲಿ ಅದು ಮತ್ತೆ ಕಂಡಾಗ, ಮುಂಚೆ ಮೊಟ್ಟೆ ಹೆಕ್ಕುತ್ತಿದ್ದ ದಡದ ಜನರಿಗೇ ಸಂಭಾವನೆ ಕೊಟ್ಟು ಗೂಡು ಕಾಯುವ ಕೆಲಸ ವಹಿಸಲಾಯಿತು. ಗೂಡು ಎಲ್ಲಿದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಚಂದ್ರಗಿರಿಯಲ್ಲೂ ಊರವರ ಸಹಭಾಗಿತ್ವದ ಮೊಟ್ಟೆಮನೆ ಮಾಡುವ ಪ್ರಯತ್ನ ನಡೆದಿದೆ. ಅದು ಬೇಕು, ಆದರೆ ಅದನ್ನೇ ಪರಿಹಾರವೆಂದು ನಂಬಿ ಶಟರಿನ ವಿಚಾರ ಬಿಟ್ಟುಬಿಡುವುದು ಅಪಾಯ. ಆಮೆಯ ಮೊಟ್ಟೆಯಲ್ಲಿ ಭ್ರೂಣ ಬೇಗನೆ ಮೇಲ್ಭಾಗದ ಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ತಿರುಗಿಸಿದರೆ ಅದು ಸಾಯಬಹುದು. ಹಾಗಾಗಿ ತೆಗೆಯುವವರು ಹೊಯಿಗೆಯನ್ನು ಬೆರಳಿನಿಂದ ಸರಿಸಿ, ಮೊಟ್ಟೆಯ ಮೇಲ್ತುದಿಗೆ ಗುರುತು ಹಾಕಿ, ಇದ್ದ ಭಂಗಿಯಲ್ಲೇ ಎತ್ತಿ, ಇದ್ದ ಭಂಗಿಯಲ್ಲೇ ಇಡಬೇಕು. ಕತ್ತಲಲ್ಲಿ ನೀರು ಏರುತ್ತಿರುವಾಗ ಅವಸರದಿಂದ ಮಾಡುವ ಕೆಲಸ ಇದಲ್ಲ. ಮೊಟ್ಟೆ ಇದ್ದಲ್ಲೇ ಮರಿಯಾಗುವಂತೆ ನೀರನ್ನು ನಡೆಸಿಕೊಳ್ಳುವುದು ಇದಕ್ಕಿಂತ ಅಗ್ಗ.

ಊರವರು ಎಂದಾಗ ಭಾಷೆಯ ಮಾತು ಬರುತ್ತದೆ. ಪಯಸ್ವಿನಿಯ ದಡದ ದೇಲಂಪಾಡಿ, ಕಾರಡ್ಕ, ಮುಳಿಯಾರುಗಳಲ್ಲಿ ಕನ್ನಡ, ತುಳು, ಮರಾಟಿ, ಮಲೆಯಾಳ ಮನೆಮನೆಗೆ ಬದಲಾಗುತ್ತದೆ. ಗಾಳಕ್ಕೆ ಆಮೆ ಸಿಕ್ಕಿದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು, ಹೊಯಿಗೆಯಲ್ಲಿ ಯಾವ ಗುರುತು ಕಂಡರೆ ನಡೆದಾಡಬಾರದು ಎಂಬ ಸೂಚನೆ ಒಂದೇ ಭಾಷೆಯಲ್ಲಿ ಬಂದರೆ ಅರ್ಧ ದಡಕ್ಕೆ ಮುಟ್ಟುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದು ನಾವು ಪಡಿತರ ಚೀಟಿಗೂ ಶಾಲೆಗೂ ಕೇಳುವಂತೆ ಇದನ್ನೂ ಕೇಳಬೇಕಾಗಿದೆ. ಜೀವವೈವಿಧ್ಯ ದಾಖಲೆಯಲ್ಲಿ ಆಮೆಯ ತುಳು ಹೆಸರು, ಹೊಳೆಯ ಪ್ರತಿ ಕಯದ (ಆಳದ ಗುಂಡಿಯ) ಹೆಸರು, ದಿಣ್ಣೆಯ ಹೆಸರು ಬರಬೇಕು. "ಇಂಥ ಕಯದ ಮೇಲಿನ ಹೊಯಿಗೆ" ಎಂದರೆ ಅಲ್ಲಿನವರಿಗೆ ಯಾವ ನಕ್ಷೆಯೂ ಬೇಡ. ಅನಂತಪುರದ ಸರೋವರ ಕ್ಷೇತ್ರದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಜನ ಸಾಲುಗಟ್ಟಿ ಬಂದು ಕೈಮುಗಿದು ಹೋದರು. ಪಯಸ್ವಿನಿಯ ಮೇಲ್ಭಾಗದಲ್ಲಿ ತೊಡಿಕಾನದ ದೇವರ ಮೀನುಗಳಿಗೆ ಅಕ್ಕಿ ಹಾಕುವವರೂ ನಮ್ಮವರೇ. ನೀರಿನ ಜೀವಿಯ ಮೇಲೆ ಪ್ರೀತಿ ಈ ಮಣ್ಣಿಗೆ ಕಲಿಸಬೇಕಾದ ವಿಷಯವಲ್ಲ; ಅದನ್ನು ಕಣ್ಣಿಗೆ ಬೀಳದ ಒಂದು ಆಮೆಯ ತನಕ ತಲುಪಿಸುವ ಸುದ್ದಿಯಷ್ಟೇ ಬೇಕಾಗಿದೆ.

ಶಟರಿನ ಮೇಲಿನ ಒತ್ತಡ ಕಡಿಮೆಯಾಗಬೇಕಾದರೆ ಗುಡ್ಡದ ಕಡೆಯೂ ನೋಡಬೇಕು. ಬೇಸಿಗೆಯಲ್ಲಿ ಹೊಳೆಗೆ ಬರುವ ನೀರು ಗುಡ್ಡ ಒಳಗೆ ಹಿಡಿದಿಟ್ಟುಕೊಂಡದ್ದು. ಅದನ್ನೇ ನಮ್ಮ ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡಿ ಮನೆಯಂಗಳಕ್ಕೆ ತಂದರು, ಮೇಲಿನ ಮದಕಗಳನ್ನು (ಮಳೆನೀರಿನ ಕೆರೆಗಳನ್ನು) ಮುಚ್ಚದೆ ಉಳಿಸಿಕೊಂಡರು. ಕೆಂಪುಕಲ್ಲಿನ ಕೋರೆಗೆ ಬಯಲಾದ ಪಾರೆಯಲ್ಲಿ (ಬಂಡೆನೆಲದಲ್ಲಿ) ಮಳೆನೀರು ಇಂಗುವುದಿಲ್ಲ, ಜಾರಿ ಹೋಗುತ್ತದೆ. ಬತ್ತಿದ ಬಾವಿಯವನು ಬೋರ್‌ವೆಲ್ ಕೊರೆಯುತ್ತಾನೆ. ತೋಡು ಇನ್ನೂ ಒಂದು ತಿಂಗಳು ಮುಂಚೆ ಒಣಗುತ್ತದೆ. ಏಪ್ರಿಲಿನಲ್ಲಿ ಹೊಳೆಗೆ ಸ್ವಲ್ಪ ಹೆಚ್ಚು ನೀರು ಬಂದರೂ ಉಪ್ಪು ಅಷ್ಟು ದೂರ ನಿಲ್ಲುತ್ತದೆ, ಮಟ್ಟವನ್ನು ಗೂಡಿನ ತನಕ ಏರಿಸಬೇಕಾದ ಒತ್ತಾಯ ಅಷ್ಟು ಕಡಿಮೆಯಾಗುತ್ತದೆ.

ಇವೆಲ್ಲ ಒಮ್ಮೆಲೇ ಆಗುವ ಕೆಲಸಗಳಲ್ಲ. ಈ ವರ್ಷವೇ ಆಗಬಹುದಾದದ್ದು ಒಂದಿದೆ. ತುಲಾಮಾಸದ ಮಳೆ ಬಿಟ್ಟು ಹೊಯಿಗೆ ತಲೆಯೆತ್ತುತ್ತಿದ್ದಂತೆ ಹಿನ್ನೀರಿನ ವ್ಯಾಪ್ತಿಯ ಪ್ರತಿ ದಿಣ್ಣೆಯಲ್ಲೂ ಅಡಿ ಗುರುತು ಹಾಕಿದ ಒಂದು ಅಡಿಕೆ ಮರದ ಗೂಟ ನೆಡಬಹುದು. ಶಟರ್ ಪೂರ್ತಿ ಇಳಿದ ದಿನ ನೀರು ಯಾವ ಗೂಟದ ಯಾವ ಗುರುತಿಗೆ ಬಂದು ನಿಂತಿತೆಂದು ಹತ್ತಿರದ ಮನೆಯವರು ನೋಡಿ ಪಂಚಾಯತಿನ ಜೀವವೈವಿಧ್ಯ ಸಮಿತಿಗೆ ತಿಳಿಸಬಹುದು. ಯಾವ ದಿಣ್ಣೆ ಮುಳುಗುತ್ತದೆ, ಯಾವುದು ಉಳಿಯುತ್ತದೆ ಎಂಬುದು ಮುಂದಿನ ಬೇಸಿಗೆಗೆ ಆಗ ಗೊತ್ತಿರುತ್ತದೆ, ಶಟರಿನ ತಾರೀಕನ್ನು ಗೊತ್ತುಮಾಡುವವರ ಮೇಜಿನ ಮೇಲೆ ಆ ಚೀಟಿಯೂ ಇರುತ್ತದೆ.